ಸೊನ್ನೆ ಡಿಗ್ರಿಗೆ ಮರಳಿದಾಗ

ಆಂಟೆನಾದ ವಿಕಿರಣ ನಕ್ಷೆಯನ್ನು ಸಾಫ್ಟ್‌ವೇರ್ ಬರೆದುಕೊಡುವಾಗ ಬಿಸಿಲಲ್ಲಿ ನಿಂತು ಅಳೆಯುವ ಉಸಾಬರಿ ಯಾಕೆ ಅಂತ ಬಹಳ ಜನ ಕೇಳಿದ್ದಾರೆ. ಸಾಫ್ಟ್‌ವೇರಿಗೆ ನಾವು ಹೇಳಿದ ನೆಲ ಗೊತ್ತು, ನಮ್ಮೂರು ಲೋಕಿಕೆರೆಯ ಗದ್ದೆ ಗೊತ್ತಿಲ್ಲ.

ಹ್ಯಾಮ್ ರೇಡಿಯೊ ಹವ್ಯಾಸಿಗಳ 144–146 ಮೆಗಾಹರ್ಟ್ಸ್ ಪಟ್ಟಿಗೆಂದು ಐದು ಕಡ್ಡಿಗಳ ಯಾಗಿ ಆಂಟೆನಾ ಕಟ್ಟಿದ್ದೆ. ರಿಪೀಟರ್ ಬಳಕೆಗಾದ್ದರಿಂದ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿದ್ದವು. ಕಟಾವಾಗಿ ಒಣಗಿದ ಗದ್ದೆಯ ಆ ತುದಿಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್, ನಲವತ್ತು ಮೀಟರ್ ಈಚೆ ಬಿದಿರುಗಳದ ಮೇಲೆ ನನ್ನ ಯಾಗಿ. ಬುಡದಲ್ಲಿ ಕೋನ ಗುರುತಿಸಿದ ಪ್ಲೈವುಡ್ ತಟ್ಟೆ. ಹತ್ತು ಡಿಗ್ರಿ ತಿರುಗಿಸು, ರೀಡಿಂಗ್ ಬರೆ, ಮತ್ತೆ ಹತ್ತು ಡಿಗ್ರಿ.

ಬಲಭಾಗ ಮುಗಿಯುವವರೆಗೆ ಎಲ್ಲ ಸರಿ ಇತ್ತು. ಬೆನ್ನು ದಾಟಿ ಎಡಕ್ಕೆ ಬಂದಂತೆ ಅಂಕಿಗಳು ಕುಸಿಯತೊಡಗಿದವು. ಬಲಕ್ಕೆ ಎಷ್ಟಿತ್ತೋ ಎಡಕ್ಕೂ ಅಷ್ಟೇ ಬರಬೇಕು, ಬರಲಿಲ್ಲ. ಕನೆಕ್ಟರ್ ಬಿಗಿ ಮಾಡಿದೆ, ಬ್ಯಾಟರಿ ಬದಲಿಸಿದೆ, ಆ ತುದಿಗೆ ಓಡಿಹೋಗಿ ಬಂದೆ. ಕಡೆಗೆ ಸೊನ್ನೆ ಡಿಗ್ರಿಗೆ ತಂದು ನಿಲ್ಲಿಸಿದರೆ, ಹೊರಟಾಗ ಮೈನಸ್ 41 ಡೆಸಿಬೆಲ್ ಇದ್ದದ್ದು ಮೈನಸ್ 45! ಅರ್ಧಕ್ಕಿಂತ ಹೆಚ್ಚು ಶಕ್ತಿ ಮಾಯ. ತಲೆಯೆತ್ತಿ ನೋಡಿದರೆ ನಡುವಿನ ಗದ್ದೆ ತುಂಬ ನೀರು ಮಿರಮಿರ ಅನ್ನುತ್ತಿದೆ.

ನಮ್ಮ ದೊಡ್ಡಪ್ಪನ ಮಗ ಮಧ್ಯಾಹ್ನದವರೆಗೆ ನೀರು ತಿರುಗಿಸುವುದಿಲ್ಲ ಅಂತ ಮಾತು ಕೊಟ್ಟಿದ್ದ. ಕೇಳಿದರೆ, "ನಾಲಿ ನೀರು ಬಂದೈತಿ, ನಿನ್ ಕಂಬಿ ನೋಡ್ಕೋತಾ ಕುಂದ್ರಾಕ್ ಆಗ್ತೈತೇನಲೇ?" ಅಂದ. ಭದ್ರಾ ನಾಲೆಯ ನೀರಿನ ಬೆಲೆ ನನಗೂ ಗೊತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆಂಟೆನಾಕ್ಕೆ ನೇರ ಬರುವ ಅಲೆಯ ಜೊತೆ ನೆಲಕ್ಕೆ ಬಡಿದು ಬಂದ ಅಲೆಯೂ ಸೇರುತ್ತದೆ. ನೆಟ್ಟಗಿನ ಆಂಟೆನಾದ ಅಲೆ ಒಣ ಮಣ್ಣಿಗೆ ಬಡಿದು ಬರುವ ರೀತಿ ಬೇರೆ, ನೀರಿಗೆ ಬಡಿದು ಬರುವ ರೀತಿಯೇ ಬೇರೆ. ಅಂದು ನಾನು ಅರ್ಧ ಆಂಟೆನಾ ಅಳೆದೆ, ಅರ್ಧ ಗದ್ದೆ ಅಳೆದೆ. ಆಂಟೆನಾ ತಿರುಗಿಸದೆಯೇ ಅಳೆಯುವ ದಾರಿಯೂ ಒಂದಿದೆ. ಗೌರಿಬಿದನೂರಿನ ರೇಡಿಯೊ ದೂರದರ್ಶಕದಲ್ಲಿ 34.5 ಮೆಗಾಹರ್ಟ್ಸ್‌ಗೆಂದು ಸಾವಿರ ಡೈಪೋಲ್‌ಗಳನ್ನು ಟಿ ಆಕಾರದಲ್ಲಿ, ಸುಮಾರು 1.4 ಕಿ.ಮೀ. ಉದ್ದಕ್ಕೆ ನಿಲ್ಲಿಸಿದ್ದರು. ಅದನ್ನು ಯಾರಿಂದ ತಿರುಗಿಸಲಾದೀತು? ಅಂಥ ಕಡೆ ಆಕಾಶದ ರೇಡಿಯೊ ಆಕರವೊಂದು ಹಾದುಹೋಗುವುದನ್ನು ದಾಖಲಿಸಿದರೆ ನಕ್ಷೆ ಸಿಗುತ್ತದೆ, ತಿರುಗಿಸುವ ಕೆಲಸ ಭೂಮಿಯದು. ನಮಗೆ ಆ ಭಾಗ್ಯವಿಲ್ಲ.

ನೆಲ ಪೂರಾ ಒಣಗಿದ ಮೇಲೆ ಮತ್ತೆ ಅಳೆದೆ. ಎಡ, ಬಲ ಸರಿಸಮ ಬಂದವು. ಯಾಗಿಯಲ್ಲಿ ಒಂದು ಕೂದಲೆಳೆಯಷ್ಟೂ ದೋಷ ಇರಲಿಲ್ಲ.

ಅಳೆಯುವವರು ಒಂದು ಸುತ್ತು ಮುಗಿದ ಕೂಡಲೇ ಸೊನ್ನೆಗೆ ಮರಳಿ ನೋಡಿ, ಅಂಕಿ ಕೂಡದಿದ್ದರೆ ಹಾಳೆ ಹರಿಯಿರಿ. ರಿಸೀವರಿನ ಎಜಿಸಿ (ತಾನಾಗಿ ಗೇನ್ ಹೊಂದಿಸುವ ಏರ್ಪಾಡು) ಬಂದ್ ಇರಲಿ. ನೆಟ್ಟಗಿನ ಯಾಗಿಗೆ ಕಬ್ಬಿಣದ ಕಂಬ ಬೇಡ. ಕೇಬಲ್ಲನ್ನು ಬೂಮ್ ಗುಂಟ ಹಿಂದಕ್ಕೆ ಒಯ್ದು ಇಳಿಬಿಡಿ. ನಾಲೆಗೆ ನೀರು ಬಿಡುವ ದಿನವನ್ನು ನೀವೇ ವಿಚಾರಿಸಿಕೊಳ್ಳಿ, ಅಣ್ಣತಮ್ಮಂದಿರ ಮಾತು ನಂಬಿ ಕಂಬ ನೆಡಬೇಡಿ.