ಕಡಿಮೆ ನೀರು, ಹಸನಾದ ಮನೆ

ಓದಿರಿ



ನಮ್ಮ ಜತ್ತ, ಅಕ್ಕಲಕೋಟ ಕಡೆ ಬ್ಯಾಸಗಿ ಬಂತೆಂದರೆ ನೀರಿನದೇ ಚಿಂತೆ. ಕೊಡ ಸಾಲಿಗಿಟ್ಟು ಟ್ಯಾಂಕರಿನ ದಾರಿ ಕಾಯುತ್ತೇವೆ. "ಕುಡ್ಯಾಕ ನೀರಿಲ್ಲ, ಮನಿ ಯಾತರಿಂದ ತೊಳೀಲಿ?" ಎನ್ನುತ್ತೀರಿ. ಮಾತು ಖರೆ. ಆದರೆ ಮನೆ ಹಸನಾಗಿಡಲು ಬರೀ ನೀರೇ ಬೇಕೆಂದಿಲ್ಲ. ಬಿಸಿಲು, ಗಾಳಿ, ಒಣ ಅರಿವೆ ಇದ್ದರೆ ಅರ್ಧ ಕೆಲಸ ಆದಂತೆ. ಬಿಸಿಲು, ಗಾಳಿಗೆ ರೊಕ್ಕ ಕೊಡಬೇಕಿಲ್ಲ.

1. ಗಾಳಿ, ಬಿಸಿಲು

ಮನೆಯಲ್ಲಿ ಮುಗ್ಗು ವಾಸನೆ ಬರುವುದು ಹಸಿಯಿಂದ. ಮುಂಜಾನೆ ಎದ್ದ ಕೂಡಲೇ ಬಾಗಿಲು, ಕಿಟಕಿ ತೆರೆಯಿರಿ. ವಾರಕ್ಕೊಮ್ಮೆ ಕೌದಿ, ಹಾಸಿಗೆ, ದಿಂಬು ಬಿಸಿಲಿಗೆ ಹಾಕಿರಿ. ಒರೆಸುವ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿರಿ. ಹಿಂಡಿ, ಹಗ್ಗದ ಮೇಲೆ ಹರವಿರಿ.

2. ಮೇಲಿನಿಂದ ಕೆಳಕ್ಕೆ

ಮೊದಲು ಜೇಡರ ಬಲೆ ತೆಗೆಯಿರಿ. ಆಮೇಲೆ ಮಾಡ, ಕಪಾಟು ಝಾಡಿಸಿರಿ. ಕಡೆಗೆ ನೆಲ ಗುಡಿಸಿರಿ. ಕಸ ಪೂರ್ತಿ ತೆಗೆದ ಮೇಲೆ ಹಿಂಡಿದ ಅರಿವೆಯಿಂದ ಒರೆಸಿರಿ. ಅರ್ಧ ಬಕೆಟ್ ನೀರು ಸಾಕು. ಅಕ್ಕಿ, ಬೇಳೆ ತೊಳೆದ ನೀರು ಕರಿಬೇವಿನ ಗಿಡಕ್ಕೆ ಹಾಕಿರಿ.

3. ತುಂಬಿಟ್ಟ ನೀರು

ನೀರು ಕಡಿಮೆ ಇರುವಲ್ಲಿ ಹೆಚ್ಚು ದಿನ ತುಂಬಿಡುತ್ತೇವೆ. ಡೆಂಗಿ ಸೊಳ್ಳೆಗೆ ಇದೇ ತವರುಮನೆ. ಈ ಸೊಳ್ಳೆ ಹಗಲು ಕಚ್ಚುತ್ತದೆ. ತಿಳಿನೀರಿನ ಪಾತ್ರೆಯಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಂದು ದಿನ ಹರವಿ, ಬ್ಯಾರಲ್ ಖಾಲಿ ಮಾಡಿ ಒಣಗಿಸಬೇಕು. ಮರಾಠಿಯಲ್ಲಿ ಇದನ್ನೇ 'ಕೋರಡಾ ದಿವಸ' ಎನ್ನುತ್ತಾರೆ. ನಾವು 'ಒಣ ದಿನ' ಎನ್ನೋಣ.

"ಹಂಗಾದ್ರ ಟ್ಯಾಂಕರಿನ ನೀರು ಚೆಲ್ಲಬೇಕೇನ್ರಿ?" ಎಂದು ಕೇಳುತ್ತೀರಿ. ಚೆಲ್ಲಬೇಡಿರಿ! ದಟ್ಟ ಅರಿವೆಯಲ್ಲಿ ಸೋಸಿ ಬೇರೆ ಕೊಡಕ್ಕೆ ಹಾಕಿರಿ. ಅರಿವೆಯಲ್ಲಿ ಉಳಿದ ಹುಳಗಳನ್ನು ಬಿಸಿಲಿನ ಒಣ ಮಣ್ಣಿಗೆ ಝಾಡಿಸಿರಿ. ಖಾಲಿ ಹರವಿಯ ಒಳಮಗ್ಗಲನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿರಿ. ಮೊಟ್ಟೆ ಅಲ್ಲಿಯೇ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ತಿಕ್ಕಲೇಬೇಕು. ಹರವಿ ಒಣಗಿದ ಮೇಲೆ ಸೋಸಿದ ನೀರು ತುಂಬಿ, ಬಾಯಿಗೆ ಅರಿವೆ ಬಿಗಿದು ಕಟ್ಟಿರಿ.

4. ಎರಡು ಅಕ್ಷರದ ಕೆಲಸ

ಬಚ್ಚಲು ತೊಳೆಯಲು ಫಿನಾಯಿಲ್, ಆಸಿಡ್ ತರುತ್ತೇವೆ. ಇವನ್ನು ಕುಡಿಯುವ ನೀರಿನ ಬಾಟಲಿಗೆ ಸುರುವಿ ಇಡಬೇಡಿರಿ. ನೀರಡಿಸಿದ ಮಗು ಬಾಟಲಿ ನೋಡುತ್ತದೆ, ಒಳಗೇನಿದೆ ಎಂದು ನೋಡುವುದಿಲ್ಲ. ತಂದ ಬಾಟಲಿಯಲ್ಲಿಯೇ, ಮಕ್ಕಳ ಕೈಗೆ ಎಟುಕದ ಕಡೆ ಇಡಿರಿ. ಬಾಟಲಿಯ ಚೀಟಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಸಾಲಿಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಿರಿ. ಆಮೇಲೆ ನೀವೇ ಒಂದು ಕಾಗದದ ಮೇಲೆ ದೊಡ್ಡದಾಗಿ 'ವಿಷ' ಎಂದು ಬರೆದು ಅಂಟಿಸಿರಿ. ನೀವು ಕಲಿತ ಈ ಎರಡು ಅಕ್ಷರ ಒಂದು ಜೀವ ಉಳಿಸೀತು.

ಇನ್ನೊಂದು ಮಾತು. ಬ್ಲೀಚಿಂಗ್ ಪುಡಿಯನ್ನೂ ಆಸಿಡನ್ನೂ ಎಂದೂ ಕೂಡಿಸಬೇಡಿರಿ. ಕೂಡಿದರೆ ವಿಷಗಾಳಿ ಏಳುತ್ತದೆ. ಉಸಿರು ಕಟ್ಟುತ್ತದೆ.

ಒತ್ತಕ್ಷರದ ಶಬ್ದಗಳು: ಓದಿರಿ, ಬರೆಯಿರಿ

ಸೊಳ್ಳೆ, ಮೊಟ್ಟೆ, ದಟ್ಟ, ಬಚ್ಚಲು, ಅಕ್ಕಿ, ಮುಗ್ಗು

ಉತ್ತರ ಹೇಳಿರಿ

1. ಮನೆಯಲ್ಲಿ ಮುಗ್ಗು ವಾಸನೆ ಏಕೆ ಬರುತ್ತದೆ?
2. ಹರವಿಯನ್ನು ತಿಕ್ಕಲೇಬೇಕು, ಏಕೆ?
3. ಯಾವ ಎರಡು ವಸ್ತುಗಳನ್ನು ಕೂಡಿಸಬಾರದು?

ಮಾಡಿ ನೋಡಿರಿ

ನಿಮ್ಮ ಮನೆಯ 'ಒಣ ದಿನ' ಯಾವ ವಾರ? ಸೋಮವಾರವೋ, ಶುಕ್ರವಾರವೋ? ಮನೆಯವರೆಲ್ಲ ಕೂಡಿ ಗೊತ್ತುಮಾಡಿರಿ. ಅದನ್ನು ಕಾಗದದಲ್ಲಿ ಬರೆದು ನೀರಿನ ಹರವಿಯ ಮೇಲಿನ ಗೋಡೆಗೆ ಅಂಟಿಸಿರಿ. ಮುಂದಿನ ವಾರ ವರ್ಗಕ್ಕೆ ಬಂದಾಗ ಯಾರ ಮನೆಯಲ್ಲಿ ಯಾವ ದಿನ ಎಂದು ಎಲ್ಲರೂ ಓದಿ ಹೇಳೋಣ.