ನಿಂತ ಕಾರು ಕುಡಿಯುವ ಕರೆಂಟ್

ಬಕ್ರೀದ್ ರಜೆ ಮುಗಿದ ಮರುದಿನ ಉಮ್ಮನನ್ನು ಮಣಿಪಾಲಕ್ಕೆ ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಎಂಟೂವರೆಗೆ ಸಮಯ ಕೊಟ್ಟಿದ್ದರು. ಫಜ್ರ್ ನಮಾಝ್ ಮುಗಿಸಿ ಬಂದು ಕೀ ತಿರುಗಿಸಿದರೆ ಕಾರಿನಿಂದ ಟಕ್ ಟಕ್ ಎಂಬ ಸದ್ದು ಮಾತ್ರ. ಹೊರಗೆ ಧೋ ಎಂದು ಮಳೆ. ರಿಕ್ಷಾ ಹುಡುಕಿ, ಬೈಂದೂರಿನಲ್ಲಿ ಬಸ್ ಹತ್ತಿ ತಲುಪುವಾಗ ಹನ್ನೊಂದು ಕಳೆದಿತ್ತು. ಸರದಿ ತಪ್ಪಿತು. ಮತ್ತೆ ಸಿಕ್ಕಿದ್ದು ಮೂರು ವಾರದ ನಂತರದ ದಿನ. ಉಮ್ಮ ಏನೂ ಹೇಳಲಿಲ್ಲ, ಅದೇ ಹೆಚ್ಚು ಬೇಸರ ತಂದಿತು.

ಒಂದು ತಿಂಗಳ ಹಿಂದೆಯೂ ಹೀಗೇ ಆಗಿತ್ತು. ಆಗ ನೋಡಿದವರು "ಬ್ಯಾಟ್ರಿ ಹೋಯ್ತ್ ಮಾರಾಯ್ರೆ, ಬೇರೆ ಹಾಕಿ" ಅಂದರು. ಹಳೆಯದನ್ನು ಕೊಟ್ಟು ಹೊಸದು ಹಾಕಿಸಿದೆ. ಈಗ ಹೊಸದೂ ಸತ್ತಿದೆ. ಸ್ಟಾಫ್ ರೂಮಿನಲ್ಲಿ ಗೋಳು ಹೇಳಿಕೊಂಡಾಗ ನಮ್ಮ ಲ್ಯಾಬ್ ಅಟೆಂಡರ್ ಒಂದೇ ಪ್ರಶ್ನೆ ಕೇಳಿದರು: "ಸರ್, ಕಾರು ನಿಂತಿರುವಾಗ ಎಷ್ಟು ಕರೆಂಟ್ ಹೋಗ್ತದೆ, ನೋಡಿದ್ರಾ?" ಓಮ್ ನಿಯಮ ಕಲಿಸುವ ನಾನು ನೋಡಿರಲಿಲ್ಲ.

ಕೀ ತೆಗೆದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಲಾಕ್‌ನ ರಿಮೋಟ್ ಸಿಗ್ನಲ್ ಕೇಳುವ ಭಾಗ, ಎಂಜಿನ್ ಕಂಪ್ಯೂಟರಿನ ನೆನಪು ಇವಕ್ಕೆಲ್ಲ ಸ್ವಲ್ಪ ಕರೆಂಟ್ ಬೇಕು. ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. ಅದಕ್ಕಿಂತ ತುಂಬಾ ಹೆಚ್ಚಾದರೆ ಯಾವುದೋ ಒಂದು ಕವಲು ಕದ್ದು ಕುಡಿಯುತ್ತಿದೆ ಎಂದರ್ಥ.

ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ ವೋಲ್ಟೇಜ್ ನೋಡಿದೆ. ರಾತ್ರಿಯಿಡೀ ಬಿಡಿಸಿಟ್ಟ ಮೇಲೂ 12.6 ವೋಲ್ಟ್ ಇತ್ತು, ಅಂದರೆ ಬ್ಯಾಟರಿ ಚೆನ್ನಾಗಿದೆ. ಎಂಜಿನ್ ಓಡುವಾಗ 14.2 ಬಂತು, ಆಲ್ಟರ್ನೇಟರ್ ಕೂಡ ಸರಿ. ಇವೆರಡು ಅಳತೆಗೆ ಐದು ನಿಮಿಷ ಸಾಕು. ಹೊಸ ಬ್ಯಾಟರಿ ಕೊಳ್ಳುವ ಮೊದಲೇ ಇಷ್ಟು ಮಾಡಬಹುದಿತ್ತು.

ಮುಂದಿನದು ಅಮ್ಮೀಟರಿನ ಕೆಲಸ. ಅಮ್ಮೀಟರನ್ನು ಸರಣಿಯಲ್ಲಿ ಜೋಡಿಸಬೇಕು ಎಂದು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತೀರಿ. ಕಾರಿನಲ್ಲಿ ಅದಕ್ಕೆ ಸರಿಯಾದ ಜಾಗ ನೆಗೆಟಿವ್ ಟರ್ಮಿನಲ್. ಪಾಸಿಟಿವ್ ಕಡೆ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಬ್ಯಾಟರಿಯ ಸುತ್ತ ಹೈಡ್ರೋಜನ್ ಇರಬಹುದು ಎಂಬುದನ್ನು ಮರೆಯಬೇಡಿ. ಕೈಯಲ್ಲಿ ಉಂಗುರ, ವಾಚ್ ಬೇಡ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಾಯಿಸಿ, ಒಂದು ತುದಿಯನ್ನು ಟರ್ಮಿನಲ್‌ಗೆ, ಇನ್ನೊಂದನ್ನು ಕೇಬಲಿನ ಕ್ಲಾಂಪಿಗೆ ಹಿಡಿದುಕೊಂಡೇ ಕ್ಲಾಂಪನ್ನು ನಿಧಾನ ಎತ್ತಿದೆ. ಹೀಗೆ ಮಾಡಿದರೆ ಕರೆಂಟ್ ನಡುವೆ ಕಡಿಯುವುದಿಲ್ಲ, ಮಲಗಿದ್ದ ಭಾಗಗಳು ಎಚ್ಚರಗೊಳ್ಳುವುದಿಲ್ಲ. ಮೀಟರ್ ಹೀಗೆ ಇರುವಾಗ ಯಾರೂ ಕೀ ತಿರುಗಿಸಬಾರದು. ಸ್ಟಾರ್ಟರ್ ಮೋಟಾರು ನೂರಕ್ಕಿಂತ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಕ್ಷಣದಲ್ಲಿ ಹೋಗುತ್ತದೆ.

ಮೊದಲ ಓದು 2 ಆಂಪಿಯರ್ ಮೀರಿತ್ತು. ಗಾಬರಿಯಾಯಿತು. ಆದರೆ ಬಾಗಿಲು ತೆರೆದಿತ್ತು, ಒಳಗಿನ ದೀಪ ಉರಿಯುತ್ತಿತ್ತು. ಬಾಗಿಲಿನ ಕೊಂಡಿಯನ್ನು ಸ್ಕ್ರೂ ಡ್ರೈವರಿನಿಂದ ತಿರುಗಿಸಿ, ಬಾಗಿಲು ಮುಚ್ಚಿದೆ ಎಂದು ಕಾರನ್ನು ನಂಬಿಸಿ, ಅರ್ಧ ಗಂಟೆ ಕಾದೆ. ಈ ಕಾಯುವಿಕೆ ಮುಖ್ಯ. ಕಂಪ್ಯೂಟರುಗಳು ಒಂದೊಂದಾಗಿ ಮಲಗಲು ಅಷ್ಟು ಹೊತ್ತು ಬೇಕು, ಅವಸರದಲ್ಲಿ ಅಳೆದವರು ಇಲ್ಲದ ಕಳ್ಳನನ್ನು ಹುಡುಕುತ್ತಾರೆ. ಓದು ಇಳಿಯುತ್ತಾ ಬಂದು 0.42ಕ್ಕೆ ನಿಂತಿತು. ಅಲ್ಲಿಂದ ಕೆಳಗೆ ಹೋಗಲಿಲ್ಲ.

ನನ್ನ ಬ್ಯಾಟರಿ 35 ಆಂಪಿಯರ್-ಗಂಟೆಯದು. 35ನ್ನು 0.42ರಿಂದ ಭಾಗಿಸಿದರೆ ಸುಮಾರು 83 ಗಂಟೆ, ಮೂರೂವರೆ ದಿನ. ರಜೆಯಲ್ಲಿ ಕಾರು ಅಂಗಳದಲ್ಲಿ ನಾಲ್ಕು ದಿನ ನಿಂತಿತ್ತು! ಪೂರ್ತಿ ಖಾಲಿಯಾಗುವ ಎಷ್ಟೋ ಮೊದಲೇ ಸ್ಟಾರ್ಟ್ ಮಾಡುವ ಶಕ್ತಿ ಹೋಗುತ್ತದೆ, ಯಾಕೆಂದರೆ ಚಾರ್ಜ್ ಇಳಿದಂತೆ ಆಂತರಿಕ ರೋಧ ಏರುತ್ತದೆ, V = E − Ir ಎಂಬಲ್ಲಿ I ನೂರಾರು ಆಂಪಿಯರ್ ಇರುವಾಗ ಆ r ದುಬಾರಿಯಾಗುತ್ತದೆ. ಉಳಿದ ದಿನಗಳಲ್ಲಿ ಬೈಂದೂರಿನಿಂದ ಕುಂದಾಪುರಕ್ಕೆ ಹೋಗಿ ಬರುವ ಓಟ ರಾತ್ರಿ ಹೋದದ್ದನ್ನು ತುಂಬಿಸುತ್ತಿತ್ತು. ಹೆದ್ದಾರಿ ನನ್ನ ಕಾರಿನ ರೋಗವನ್ನು ಮುಚ್ಚಿಟ್ಟಿತ್ತು.

ಇನ್ನು ಯಾವ ಕವಲು? ಫ್ಯೂಸ್ ಪೆಟ್ಟಿಗೆ ಎಂದರೆ ಕಿರ್ಚಾಫರ ಸಂಧಿಯೇ: ಒಳಬಂದ 0.42 ಆಂಪಿಯರ್ ಕವಲುಗಳಲ್ಲಿ ಹಂಚಿಹೋಗಲೇಬೇಕು. (ಕಿರ್ಚಾಫ್ ಈ ನಿಯಮಗಳನ್ನು 1845ರಲ್ಲಿ ಹೇಳಿದಾಗ ಇನ್ನೂ ವಿದ್ಯಾರ್ಥಿ, ವಯಸ್ಸು 21. ನಿಮಗಿಂತ ಮೂರ್ನಾಲ್ಕು ವರ್ಷ ದೊಡ್ಡವರು ಅಷ್ಟೆ.) ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡುವುದು ಹಳೆಯ ಕ್ರಮ, ಆದರೆ ಕಿತ್ತು ಹಾಕುವಾಗ ಮಲಗಿದ್ದ ಭಾಗ ಎದ್ದು ಲೆಕ್ಕ ಕೆಡುತ್ತದೆ. ಏರ್‌ಬ್ಯಾಗಿನ ಫ್ಯೂಸನ್ನಂತೂ ಮುಟ್ಟಬಾರದು. ಹಾಗಾಗಿ ಕ್ಲಾಂಪನ್ನು ಮತ್ತೆ ಕೂರಿಸಿ, ಮೀಟರಿನ ವೈರನ್ನು ಮರೆಯದೆ ವೋಲ್ಟ್ ತೂತಿಗೆ ಹಾಕಿ, ಮಿಲಿವೋಲ್ಟಿನಲ್ಲಿಟ್ಟು, ಪ್ರತಿ ಫ್ಯೂಸಿನ ಬೆನ್ನಿನ ಎರಡು ಲೋಹದ ಚುಕ್ಕೆಗಳಿಗೆ ತಾಗಿಸುತ್ತಾ ಹೋದೆ. ಫ್ಯೂಸೂ ಒಂದು ಪುಟ್ಟ ರೋಧ. ಕರೆಂಟ್ ಹರಿಯದಿದ್ದರೆ ಸೊನ್ನೆ. 15 ಆಂಪಿಯರಿನ ಒಂದು ಫ್ಯೂಸಿನಲ್ಲಿ ಮಾತ್ರ 2 ಮಿಲಿವೋಲ್ಟ್ ತೋರಿಸಿತು. ಅಂಥ ಫ್ಯೂಸಿನ ರೋಧ ಸುಮಾರು 5 ಮಿಲಿಓಮ್. ಭಾಗಿಸಿದರೆ 0.4 ಆಂಪಿಯರ್. ಸಿಕ್ಕಿಬಿದ್ದಿತು.

ಅದು ಸ್ಟೀರಿಯೋದ ಫ್ಯೂಸ್. ರಂಝಾನಿಗೆ ಮೊದಲು ಹಿಂದಿನ ಕ್ಯಾಮೆರಾ ಸಮೇತ ಪರದೆಯ ಸ್ಟೀರಿಯೋ ಹಾಕಿಸಿದ್ದೆ. ಇಂಥವುಗಳಲ್ಲಿ ಹಳದಿ ವೈರ್ ನೆನಪಿಗೆ, ಸದಾ ಬ್ಯಾಟರಿಗೆ ಸೇರಿರಬೇಕು. ಕೆಂಪು ವೈರ್ ಕೀ ಹಾಕಿದಾಗ ಮಾತ್ರ ಕರೆಂಟ್ ಸಿಗುವ ಕಡೆಗೆ. ಹಾಕಿದವರು ಎರಡನ್ನೂ ತಿರುಚಿ ಒಂದೇ ಟೇಪು ಸುತ್ತಿದ್ದರು. ಪರದೆ ಕಪ್ಪಾಗಿದ್ದರೂ ಒಳಗೆ ಯಂತ್ರ ಎಚ್ಚರವಿತ್ತು. ಕೆಂಪನ್ನು ಬಿಡಿಸಿ ಸರಿಯಾದ ಕಡೆ ಸೇರಿಸಿ, ಕಾದು, ಮತ್ತೆ ಅಳೆದೆ: 0.03 ಆಂಪಿಯರ್.

ಕಳ್ಳ ಯಾವಾಗಲೂ ಸ್ಟೀರಿಯೋ ಆಗಿರಬೇಕಿಲ್ಲ. ಡಿಕ್ಕಿಯ ದೀಪ, ಅಂಟಿಕೊಂಡ ರಿಲೇ, ಯುಎಸ್‌ಬಿ ಚಾರ್ಜರ್ ಎಲ್ಲವೂ ಶಂಕಿತರೇ. ಮರವಂತೆ, ಗಂಗೊಳ್ಳಿ ಕಡೆಯ ಉಪ್ಪುಗಾಳಿಯಲ್ಲಿ ಬ್ಯಾಟರಿಯ ಮೇಲಿನ ಒದ್ದೆ ಕೊಳೆಯೇ ದಾರಿಯಾಗಿ ಸ್ವಲ್ಪ ಸೋರುವುದೂ ಉಂಟು. ಮೊದಲು ಒರೆಸಿ ನೋಡಿ.

ಗಲ್ಫಿನಲ್ಲಿರುವ ನಿಮ್ಮ ಅಣ್ಣ, ಮಾಮಂದಿರ ಕಾರು ಮನೆಯಲ್ಲಿ ನಿಂತಿದ್ದರೆ ಈ ಲೆಕ್ಕವನ್ನೂ ಮಾಡಿ. ಯಾವ ದೋಷವೂ ಇಲ್ಲದ 0.03 ಆಂಪಿಯರ್, ದಿನಕ್ಕೆ 24 ಗಂಟೆ, 60 ದಿನ: 43 ಆಂಪಿಯರ್-ಗಂಟೆ. 35ರ ಬ್ಯಾಟರಿಯಲ್ಲಿ ಅಷ್ಟಿಲ್ಲ. ಹೊರಡುವ ದಿನ ನೆಗೆಟಿವ್ ಕ್ಲಾಂಪ್ ಬಿಚ್ಚಿಡಲು ಹೇಳಿ. ಕೆಲವು ಸ್ಟೀರಿಯೋ ಮತ್ತೆ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಲಿ.

ಅಳೆದು ನೋಡಬೇಕೆನ್ನುವವರಿಗೆ ಲ್ಯಾಬಿನ ಮಲ್ಟಿಮೀಟರ್ ಶನಿವಾರ ಮಧ್ಯಾಹ್ನದ ನಂತರ ಸಿಗುತ್ತದೆ, ಅಟೆಂಡರ್ ಹತ್ತಿರ ಹೆಸರು ಬರೆಸಿ. ಮೀಟರಿನ ಫ್ಯೂಸ್ ಸುಟ್ಟವರು ಹೊಸದು ತಂದು ಹಾಕಬೇಕು. ಈವರೆಗೆ ಸುಟ್ಟವನು ನಾನೊಬ್ಬನೇ.