*ಮೊಣಕಾಲಿನ ಗಾಯ: 6 ಗಂಟೆಯ ಲೆಕ್ಕ*

ಉಲ್ಹಾಸನಗರದಲ್ಲಿ ಲೋಕಲ್‌ನಿಂದ ಬಿದ್ದೋ, ಬೈಕ್ ಜಾರಿಯೋ ಮೊಣಕಾಲಿನ ಚರ್ಮ, ಮಾಂಸ ಕಿತ್ತುಹೋದರೆ ಕೈಚೆಲ್ಲಬೇಡಿ. ಹೃದಯದ ಡಾಕ್ಟರಾದ ನಾನು ಮೊದಲು ಕೇಳುವುದು: ಪಾದಕ್ಕೆ ರಕ್ತ ಹೋಗುತ್ತಿದೆಯೇ?

🔹 ಮೊಣಕಾಲಿನ ಹಿಂದಿನ ದೊಡ್ಡ ರಕ್ತನಾಳ ಹರಿದರೆ ಸುಮಾರು 6 ಗಂಟೆಯೊಳಗೆ ಸರಿಪಡಿಸಬೇಕು. ತಡವಾದರೆ ಕಾಲು ತೆಗೆಯಬೇಕಾದೀತು. ಪಾದ ತಣ್ಣಗಾಗಿ ಬಿಳಿಚಿಕೊಂಡರೆ ಅದೇ ಸೂಚನೆ.

🔹 ಶುಭ್ರ ಬಟ್ಟೆ ಒತ್ತಿಹಿಡಿದು 108ಕ್ಕೆ ಫೋನ್ ಮಾಡಿ. ಅರಿಶಿನ, ಕಾಫಿಪುಡಿ ಹಾಕಬೇಡಿ.

🔹 ಚಿಕ್ಕ ಗಾಯವನ್ನು ಮೀನಖಂಡದ ಸ್ನಾಯು ತಿರುಗಿಸಿ ಮುಚ್ಚುತ್ತಾರೆ. ದೊಡ್ಡದಾದರೆ ತೊಡೆಯ ಮಾಂಸವನ್ನು ರಕ್ತನಾಳ ಸಮೇತ ತಂದು, ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಿಂದ ನಾಳಗಳನ್ನು ಜೋಡಿಸುತ್ತಾರೆ.

🔹 ಆಮೇಲೆ ಬೀಡಿ, ಗುಟ್ಕಾ ಬೇಡವೇ ಬೇಡ. ನಿಕೋಟಿನ್ ನಾಳವನ್ನು ಕುಗ್ಗಿಸುತ್ತದೆ. ಜೋಡಿಸಿದ ಮಾಂಸ ಸಾಯಬಹುದು.

ಮನೆಯವರಿಗೂ ಕಳುಹಿಸಿ.🙏